ಕ್ರೇನಿಗೆ ಕೈ ಮಾಡಿದ ಏಳು ವರ್ಷ

೧೯೮೬ನೇ ಇಸವಿ ಜನವರಿ ೧೨, ಭಾನುವಾರ, ಬೆಳಿಗ್ಗೆ ಏಳೂವರೆ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಶುರು ಮಾಡಿದ್ದೇನೆ.

ನಿವೃತ್ತರಾದವರು ಬರೆಯುವಂಥದ್ದನ್ನು ಬರೆಯಹೊರಟಿದ್ದೇನೆ, ಆದರೆ ನನಗಿನ್ನೂ ಮೂವತ್ತೊಂದು. ಹಾರ, ಶಾಲು, ಗುಂಪಿನ ಫೋಟೊ ಯಾವುದೂ ಆಗಿಲ್ಲ. ಮಸ್ಕತ್ತಿನಲ್ಲಿ ಏಳು ವರ್ಷ ಮಾಡಿದ ಕೆಲಸಕ್ಕೆ ಇನ್ನು ಮರಳಿ ಹೋಗುವುದಿಲ್ಲ ಎಂದು ತೀರ್ಮಾನಿಸಿ ಬಂದವನನ್ನು ನಿವೃತ್ತ ಎನ್ನದೆ ಏನೆನ್ನಬೇಕು? ಕೂಡ್ಲಿಗಿಯ ಇಬ್ಬರು, ಹಡಗಲಿಯ ಒಬ್ಬರು ಪಾಸ್‌ಪೋರ್ಟ್ ಮಾಡಿಸಿಕೊಂಡು ಕೂತಿದ್ದಾರೆ. ಕಂಡಾಗಲೆಲ್ಲ ಒಂದೇ ಪ್ರಶ್ನೆ: “ಅಣ್ಣಾ, ಅಲ್ಲಿ ಕೆಲಸ ಅಂದ್ರ ಖರೇನ ಏನು ಮಾಡಬೇಕು?” ಸಂಬಳ ಎಷ್ಟು ಎಂದು ಕೇಳಿದವರು ಬಹಳ, ಏನು ಕೆಲಸ ಎಂದು ಕೇಳಿದವರು ಇವರೇ ಮೊದಲು. ಅದಕ್ಕೇ ಹಳೆಯ ಡೈರಿಗಳನ್ನು ಅಟ್ಟದಿಂದ ಇಳಿಸಿದ್ದೇನೆ.

ನನ್ನ ಕೆಲಸ ಕ್ರೇನಿಗೆ ಕೈ ಮಾಡುವುದು. ನಗಬೇಡಿ, ಅದಕ್ಕೇ ಸಂಬಳ. ದೊಡ್ಡ ಕಟ್ಟಡ ಕಟ್ಟುವಲ್ಲಿ ಆಕಾಶಕ್ಕೆ ನಿಲ್ಲಿಸಿದ ಕಂಬದಂಥ ಕ್ರೇನು ಇರುತ್ತದೆ. ಅದರ ತುದಿಯಲ್ಲಿ ಗಾಜಿನ ಗೂಡು, ಗೂಡಿನಲ್ಲಿ ಆಪರೇಟರ್. ಅವನಿಗೆ ಸಮುದ್ರ ಕಾಣುತ್ತದೆ, ಗುಡ್ಡ ಕಾಣುತ್ತದೆ. ತಾನು ಇಳಿಸುತ್ತಿರುವ ಕಬ್ಬಿಣದ ಕಟ್ಟು ಗೋಡೆಗೆ ಗೇಣು ದೂರವಿದೆಯೋ ತಾಗಿಯೇ ಬಿಟ್ಟಿದೆಯೋ, ಅದು ಮಾತ್ರ ಕಾಣುವುದಿಲ್ಲ. ಅವನ ಪರವಾಗಿ ಕೆಳಗೊಬ್ಬ ನೋಡಬೇಕು, ನೋಡಿದ್ದನ್ನು ಕೈಯಲ್ಲಿ ಹೇಳಬೇಕು. ತೋರುಬೆರಳು ಮೇಲೆ ಮಾಡಿ ಸುತ್ತಿಸಿದರೆ ಎತ್ತು. ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು. ಅಂಗೈ ತೋರಿಸಿ ಕೈ ಎತ್ತಿ ಹಿಡಿದರೆ ನಿಲ್ಲಿಸು. ಎರಡೂ ಕೈಯನ್ನು ಎದೆಯ ಮುಂದೆ ಒಂದರಲ್ಲೊಂದು ಹಿಡಿದುಕೊಂಡರೆ ಕೆಲಸ ಮುಗಿಯಿತು, ಇನ್ನು ಇಳಿದು ಬಾ. ಇನ್ನೂ ಹಲವು ಸನ್ನೆಗಳಿವೆ, ಆದರೆ ಹೊಟ್ಟೆ ತುಂಬಿಸುವವು ಈ ನಾಲ್ಕು. ಇವುಗಳಲ್ಲಿ ‘ನಿಲ್ಲಿಸು’ ಎಲ್ಲಕ್ಕಿಂತ ಕಷ್ಟದ್ದು. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಕೊಟ್ಟೂರಿನವನು, ಹೆಸರು ಕೊಟ್ರೇಶ. ೧೯೭೮ರಲ್ಲಿ ಮಸ್ಕತ್ತಿಗೆ ಹೋದೆ. ಅದಕ್ಕೂ ಮುಂಚೆ ಇದೇ ಬೊಮ್ಮನಹಳ್ಳಿಯಲ್ಲಿ ಚಂದ್ರಪ್ಪ ಮೇಸ್ತ್ರಿಯ ಕೈಕೆಳಗಿದ್ದೆ. ಕೆಟ್ಟ ಪಂಪುಗಳನ್ನು ಬಾವಿಯಿಂದ, ಬೋರಿನಿಂದ ಎತ್ತುವುದು ಅವರ ಕಸುಬು. ಮೂರು ಕಂಬ ನಿಲ್ಲಿಸಿ ತುದಿ ಕಟ್ಟುವುದು, ಚೈನ್ ಪುಲ್ಲಿ ತೂಗಿಸುವುದು, ಎಳೆಯುವುದು. ಬೊಂಬಾಯಿಯ ಏಜೆಂಟ್ “ಭಾರ ಎತ್ತೋ ಕೆಲಸ ಗೊತ್ತಾ?” ಅಂದ. “ಗೊತ್ತು” ಅಂದೆ. ಸುಳ್ಳೇನಲ್ಲ.

ಮೊದಲ ವಾರದಲ್ಲೇ ಮರ್ಯಾದೆ ಹೋಯಿತು. ಕಾಂಕ್ರೀಟ್ ತುಂಬಿದ ಬಕೆಟ್ ಮೇಲೆ ತೂಗುತ್ತಿತ್ತು. ದೂರದಲ್ಲಿ ಚಹದ ಕ್ಯಾನಿನವನು ಕಂಡ. ನಮ್ಮೂರಲ್ಲಿ ಕರೆಯುವ ಹಾಗೆ ಅಂಗೈ ಕೆಳಗೆ ಮಾಡಿ ಬೆರಳಾಡಿಸಿ ಬಾರಪ್ಪ ಅಂದೆ. ಚಹದವನು ಬರಲಿಲ್ಲ. ಬಕೆಟ್ ಬಂತು. ನಿಧಾನವಾಗಿ, ಹೊಸ ಅಳಿಯನ ಹಾಗೆ ಸಂಕೋಚದಿಂದ ಬಂದು ಇಂಜಿನಿಯರ್ ಸಾಹೇಬರ ಜೀಪಿನ ಬಾನೆಟ್ ಮೇಲೆ ಕೂತಿತು.

ಸಾಹೇಬರು ಈಜಿಪ್ಟಿನವರು. ಸಿಟ್ಟು ಬಂದರೆ ಅರಬ್ಬಿ, ಇಂಗ್ಲಿಷ್, ಹಿಂದಿ ಮೂರನ್ನೂ ಕಲಸಿ ಬಯ್ಯುತ್ತಿದ್ದರು. ತಿಂಗಳ ಕೊನೆಗೆ ಡೈರಿಯಲ್ಲಿ ಒಟ್ಟು ಹಾಕುವ ಚಟ ನನ್ನದು. ಯಾವ ಭಾಷೆಯಲ್ಲಿ ಎಷ್ಟು ಸಲ ಬೈಸಿಕೊಂಡೆ ಎಂದೂ ಬರೆದಿಡುತ್ತಿದ್ದೆ. ಮೊದಲ ವರ್ಷ ಅರಬ್ಬಿಯದೇ ಮೇಲುಗೈ. ಕೊನೆಯ ವರ್ಷ ಹಿಂದಿ ಗೆದ್ದಿತು. ನಾನು ಸುಧಾರಿಸಿದ್ದೆನೋ ಇಲ್ಲವೋ, ಅವರ ಹಿಂದಿಯಂತೂ ಸುಧಾರಿಸಿತ್ತು.

ಬಾನೆಟ್ ಜಜ್ಜಿಹೋದ ಆ ಸಂಜೆ ಕ್ರೇನಿನ ಆಪರೇಟರ್ ಕೆಳಗಿಳಿದು ನನ್ನ ಹತ್ತಿರ ಬಂದ. ಪೇಶಾವರದ ಆಚೆಯ ಯಾವುದೋ ಹಳ್ಳಿಯ ಪಠಾಣ, ಹೆಸರು ನೂರ್ ಗುಲ್. ಎಲ್ಲರೂ ಲಾಲಾ ಅನ್ನುತ್ತಿದ್ದರು; ಅವರ ಕಡೆ ಅಣ್ಣನಿಗೆ ಹಾಗೆನ್ನುತ್ತಾರಂತೆ. ನನ್ನ ಎರಡೂ ಕೈ ಹಿಡಿದು, ಮಗುವಿಗೆ ಅಂಗಿ ತೊಡಿಸುವ ಹಾಗೆ ಮಡಿಚಿ ನನ್ನದೇ ಕಂಕುಳಲ್ಲಿ ಸಿಕ್ಕಿಸಿದ.

“ನನ್ನ ಜೊತೆ ಮಾತಿಲ್ಲದಿದ್ದಾಗ ಇವು ಇಲ್ಲಿರಬೇಕು,” ಅಂದ. “ನೀನು ಇಲ್ಲಿ ಕೈ ಅಲ್ಲಾಡಿಸಿದರೆ ಅಲ್ಲಿ ಎರಡು ಟನ್ ಅಲ್ಲಾಡುತ್ತದೆ.”

ಅವನದು ಅವರೂರಿನ ಉರ್ದು, ನನ್ನದು ಕೊಟ್ಟೂರು ಸಂತೆಯ ಉರ್ದು. ಇಬ್ಬರೂ ಕಷ್ಟಪಟ್ಟು ಅರ್ಥ ಮಾಡಿಕೊಳ್ಳುತ್ತಿದ್ದೆವು. ಅವನ ಹಳ್ಳಿಯ ಹೆಸರನ್ನು ನಾನು ಡೈರಿಯಲ್ಲಿ ಐದು ಕಡೆ ಬರೆದುಕೊಂಡಿದ್ದೇನೆ, ಐದೂ ಬೇರೆ ಬೇರೆ. ಅವನಿಗೆ ಓದು ಬರಹ ಬಾರದು, ಹಾಗಾಗಿ ಯಾವುದು ಸರಿ ಎಂದು ಹೇಳುವವರಿಲ್ಲ. ಆದರೆ ಹಗಲೆಲ್ಲ ಕೈಯಲ್ಲಿ ಆಡಿದ ಮಾತಿಗೆ ಭಾಷೆ ಬೇಕಾಗಲಿಲ್ಲ.

ದಿನಾ ಬೆಳಿಗ್ಗೆ ಹತ್ತಕ್ಕೆ ಕ್ರೇನಿನ ಕೊಕ್ಕೆ ತಾನಾಗಿ ಕೆಳಗೆ ಬರುತ್ತಿತ್ತು. ಅದಕ್ಕೊಂದು ಬಕೆಟ್, ಬಕೆಟ್ಟಿನಲ್ಲಿ ತಗಡಿನ ಕೆಟಲ್, ಕೆಟಲಿನ ಹಿಡಿಕೆಗೆ ಸುತ್ತಿದ ಕೆಂಪು ಬಟ್ಟೆ. ಅದರಲ್ಲಿ ಚಹ ತುಂಬಿಸಿ ನಾನು ‘ಎತ್ತು’ ಅನ್ನಬೇಕು. ಸಕ್ಕರೆ ಸರಿಯಾಗಿದ್ದರೆ ಖಾಲಿ ಕೆಟಲ್ ನೆಟ್ಟಗೆ ಇಳಿಯುತ್ತಿತ್ತು. ಕಡಿಮೆಯಾಗಿದ್ದರೆ ಜೋಲಿ ಹೊಡೆಯುತ್ತ ಇಳಿದು ನನ್ನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿತ್ತು.

೧೯೮೨ರಲ್ಲಿ ವಾಕಿಟಾಕಿ ಬಂದವು. ಇನ್ನು ಕೈಕಟ್ಟಿ ನಿಂತು ಬರೇ ಮಾತಾಡಿ ಅಂದರು ಸಾಹೇಬರು. ನಾಲ್ಕು ಕ್ರೇನಿಗೆ ನಾಲ್ಕು ಜನ, ಎಲ್ಲರ ಮಾತೂ ಒಂದೇ ದಾರಿಯಲ್ಲಿ. ಮೂರನೆಯ ಕ್ರೇನಿನ ಮಲಯಾಳಿ “ಇಳಿಸು” ಅಂದರೆ ಲಾಲಾ ಇಳಿಸಿದ. ಆ ಸಲ ಕಾಂಕ್ರೀಟ್ ಬಂದು ಕೂತದ್ದು ನಕಾಶೆ ಹರಡಿದ ಮೇಜಿನ ಮೇಲೆ. ಸಾಹೇಬರು ಆಗಷ್ಟೇ ನೀರು ಕುಡಿಯಲು ಎದ್ದಿದ್ದರು. ವಾಕಿಟಾಕಿಗಳು ಅಂದೇ ಪೆಟ್ಟಿಗೆ ಸೇರಿದವು, ವರ್ಷದ ಮೇಲೆ ಒಂದೊಂದು ಕ್ರೇನಿಗೆ ಒಂದೊಂದು ದಾರಿ ಮಾಡಿ ಮತ್ತೆ ಹೊರಬಂದವು. ಲಾಲಾ ಮಾತ್ರ ಕೈಯನ್ನೇ ನಂಬಿದ. ನೀವು ಹೋಗುವ ಹೊತ್ತಿಗೆ ಅವೇ ಎಲ್ಲ ಕಡೆ ಇರಬಹುದು. ಆದರೂ ಕೈ ಕಲಿಯಿರಿ. ಬ್ಯಾಟರಿ ಸತ್ತಾಗ ಕೈ ಇರುತ್ತದೆ.

ಇನ್ನು ಬಿಟ್ಟುಬಂದ ಕಥೆ.

ನನ್ನ ಹೆಂಡತಿ ಗಿರಿಜಾ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ತವರು ಹಡಗಲಿ. ೧೯೮೪ರ ರಜೆ ಮುಗಿಸಿ ಹೊರಟಾಗ ಹಡಗಲಿ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದಳು. ಬಸ್ಸು ಬರುವುದು ತಡ ಎಂದು ನಾನು ಕ್ರೇನಿನ ಪುರಾಣ ಹೇಳುತ್ತಿದ್ದೆ. ಪೂರ್ತಿ ಕೇಳಿದಳು. ಆಮೇಲೆ ಅಂದಳು:

“ನೀವು ಕೈ ಮಾಡಿದ್ರ ಅಷ್ಟು ದೊಡ್ಡ ಕ್ರೇನು ಬರ್ತೈತಿ ಅಂತೀರಿ. ನಾನೂ ಮದುವಿ ಆದಾಗಿಂದ ಕೈ ಮಾಡಾಕತ್ತೀನಿ. ನೀವು ಬರವಲ್ರಿ.”

“ಬಂದೀನಲ್ಲ ಈಗ?”

“ಬಂದಿಲ್ಲರಿ. ತೂಗಾಡಾಕತ್ತೀರಿ.”

ಬಸ್ಸಿನಲ್ಲಿ ಕೂತವನಿಗೆ ಹರಪನಹಳ್ಳಿ ದಾಟುವ ತನಕ ಆ ಮಾತು ಬಿಡಲಿಲ್ಲ. ಹಿಂದಿನ ದಿನವಷ್ಟೇ ಚಂದ್ರಪ್ಪ ಮೇಸ್ತ್ರಿ ಬೇರೆ ಕರೆಸಿ ಹೇಳಿದ್ದರು: “ಕೊಟ್ರೇಶಿ, ನನ್ನ ಮೊಣಕಾಲು ಹೋದುವು. ಬರೋ ಯುಗಾದಿ ತನಕ ಕಾಯ್ತೀನಿ. ಅಷ್ಟರೊಳಗ ಬಂದ್ರ ಚೈನು, ಕಂಬ, ಗಿರಾಕಿ ಎಲ್ಲಾ ನಿಂದು. ಇಲ್ಲಂದ್ರ ದಾವಣಗೆರಿಯವ ಒಬ್ಬ ಕೇಳಾಕತ್ಯಾನ, ಅವಗ ಕೊಟ್ಟು ಕೈ ಬಿಡ್ತೀನಿ.” ಯುಗಾದಿಯೊಳಗೆ ಬಂದರೆ ಊರಲ್ಲಿ ಒಂದು ಕಸುಬು, ಗಿರಿಜಾಳ ಜೊತೆ ಒಂದು ಸಂಸಾರ. ಬರದಿದ್ದರೆ ಇನ್ನೂ ಎರಡು ವರ್ಷದ ಕರಾರು, ತೂಗಾಟ.

ಮಸ್ಕತ್ತಿಗೆ ಹೋದವನೇ ಸಾಹೇಬರಿಗೆ ಹೇಳಿದೆ. “ಹೋಗು,” ಅಂದರು. “ಆದರೆ ನಿನ್ನ ಜಾಗಕ್ಕೆ ನೀನೇ ಆಳು ತಂದುಕೊಡು. ಅವನನ್ನು ಲಾಲಾ ಒಪ್ಪಬೇಕು. ಒಪ್ಪಿದ ದಿನ ಕಂಪನಿಯಲ್ಲಿರುವ ನಿನ್ನ ಪಾಸ್‌ಪೋರ್ಟ್ ಕೈಗೆ.”

ಆಳು ಬಂದ. ಹರಪನಹಳ್ಳಿ ತಾಲೂಕಿನ ಅರಸೀಕೆರೆಯ ಹನುಮಂತ, ದೂರದ ಸಂಬಂಧದಲ್ಲಿ ತಮ್ಮನಾಗಬೇಕು. ಟ್ರ್ಯಾಕ್ಟರ್ ಓಡಿಸಿದವನು, ಧೈರ್ಯಸ್ಥ, ಕಣ್ಣು ಚುರುಕು. ಒಂದೇ ತೊಂದರೆ: ಬಾಯಿ ತೆರೆಯುವ ಮೊದಲೇ ಅವನ ಕೈಗಳು ಮಾತಾಡಿ ಮುಗಿಸಿರುತ್ತಿದ್ದವು.

“ಅಣ್ಣಾ, ಇಷ್ಟೇನಾ ಕೆಲಸ? ನಮ್ಮವ್ವ ಕಾಳು ತಿನ್ನೋ ಕೋಳಿ ಓಡಿಸ್ತಾಳಲ್ಲ, ಹಂಗ!”

“ಹಂಗ ಮಾಡಿದ್ರ ಕೋಳಿ ಅಲ್ಲಲೇ, ಗೋಡಿ ಹೋಗ್ತೈತಿ. ಕೈ ಕಂಕುಳಾಗ ಇಟ್ಟುಕೊಂಡು ನಿಂದ್ರು.”

ಕಂಕುಳಲ್ಲಿ ಇಟ್ಟ ಕೈ ಅಲ್ಲಿ ನಿಲ್ಲಲಿಲ್ಲ. ಮೊದಲ ದಿನ ನೊಣ ಓಡಿಸಿದ. ಕಬ್ಬಿಣದ ಕಟ್ಟು ಎಡಕ್ಕೆ ತಿರುಗಿತು. ಎರಡನೆಯ ದಿನ ಪಕ್ಕದ ಮಲಯಾಳಿಗೆ ನಮ್ಮ ಕಡೆ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವುದು ಹೇಗೆಂದು ವಿವರಿಸಿದ. ಮರಳು ಕಾಯಿಸುವುದು, ಅಕ್ಕಿ ಸುರಿಯುವುದು, ತಿರುವುವುದು, ಜರಡಿ ಹಿಡಿಯುವುದು, ಎಲ್ಲವೂ ಕೈಯಲ್ಲೇ. ಲಾಲಾನ ಕ್ರೇನು ಪಾಪ, ಪಾಲಿಸುವಷ್ಟು ಪಾಲಿಸಿ ಕೊನೆಗೆ ನಡು ಆಕಾಶದಲ್ಲಿ ದಿಕ್ಕು ತೋಚದೆ ನಿಂತಿತು. ಗಾಜಿನ ಗೂಡಿನಿಂದ ಲಾಲಾನ ತಲೆ ಹೊರಗೆ ಬಂತು.

“ಕೊಟ್ರೇಶ್! ಇವನಿಗೆ ಏನು ಬೇಕಂತೆ?”

“ಮಂಡಕ್ಕಿ!” ಎಂದು ಕೂಗಿದೆ. ಇನ್ನೇನು ಹೇಳಲಿ?

ಗುರುವಾರ ವಾರದ ಕೆಲಸ ಮುಗಿಯುತ್ತಿತ್ತು. ಪ್ರತಿ ಗುರುವಾರ ಸಂಜೆ ಲಾಲಾ ಇಳಿದು ಬಂದಾಗ ಕೇಳುತ್ತಿದ್ದೆ: ಹೇಗೆ? ಅವನು ತಲೆ ಆಡಿಸುತ್ತಿದ್ದ: ಇಲ್ಲ. ಜನವರಿ ಹೋಯಿತು. ಯುಗಾದಿ ಹತ್ತಿರ ಬರುತ್ತಿತ್ತು.

ಉಪಾಯ ಹೊಳೆದದ್ದು ಊಟದ ಸಾಲಿನಲ್ಲಿ. ನಮ್ಮ ಕಡೆಯವರ ಹೆಗಲಿಗೆ ಟವೆಲ್ ಇಲ್ಲದಿದ್ದರೆ ಬರಿಮೈಯಲ್ಲಿ ನಿಂತ ಹಾಗೆ; ಹನುಮಂತ ಮಸ್ಕತ್ತಿನ ಬಿಸಿಲಲ್ಲೂ ಅದನ್ನು ಬಿಟ್ಟಿರಲಿಲ್ಲ. “ಟವೆಲ್ ಕೊರಳಿಗೆ ಹಾಕ್ಕೊ,” ಅಂದೆ. “ಎರಡೂ ತುದಿ ಎರಡೂ ಕೈಯಾಗ ಗಟ್ಟಿ ಹಿಡಿ. ಕ್ರೇನಿಗೆ ಹೇಳೋದು ಇದ್ದಾಗ ಅಷ್ಟ ಬಿಡು. ನೊಣ ಬಂದ್ರೂ ಬಿಡಬ್ಯಾಡ, ನಾನು ಸತ್ರೂ ಬಿಡಬ್ಯಾಡ.”

“ನೀನು ಸತ್ರ ಅಳೋದು ಹೆಂಗಣ್ಣಾ?”

“ಟವೆಲ್ ಕೈಯಾಗ ಐತಲ್ಲಲೇ, ಅದರಾಗ ಒರಸ್ಕೊ.”

ಕೈ ಹತೋಟಿಗೆ ಬಂತು. ಎಷ್ಟರ ಮಟ್ಟಿಗೆ ಎಂದರೆ ರೂಮಿನಲ್ಲಿ ಕಥೆ ಹೇಳುವಾಗಲೂ ಟವೆಲ್ ತುದಿ ಹಿಡಿದೇ ಹೇಳುತ್ತಿದ್ದ, ಅನ್ನ ಆರಿ ತಣ್ಣಗಾಗುತ್ತಿತ್ತು. ನಾನು ದೂರ ನಿಂತು ನೋಡಿದೆ. ಎತ್ತು, ಇಳಿಸು, ಎಡ, ಬಲ, ಎಲ್ಲ ಸ್ಪಷ್ಟ. ಆದರೂ ಗುರುವಾರ ಸಂಜೆ ಲಾಲಾ ತಲೆ ಆಡಿಸಿದ: ಇಲ್ಲ.

ನನಗೆ ಸಿಟ್ಟು ಬಂತು. “ಏನು ತಪ್ಪು ಮಾಡಿದ ಅವನು?”

“ತಪ್ಪು ಮಾಡಿಲ್ಲ.”

“ಮತ್ತೆ?”

ಲಾಲಾ ಕೆಟಲ್ಲಿನ ಕೆಂಪು ಬಟ್ಟೆ ಬಿಚ್ಚಿ ಮತ್ತೆ ಸುತ್ತಿದ. “ಶನಿವಾರ ನೀನು ಮೇಲೆ ಬಾ,” ಅಂದ.

ಏಳು ವರ್ಷದಲ್ಲಿ ನಾನು ಒಮ್ಮೆಯೂ ಮೇಲೆ ಹತ್ತಿರಲಿಲ್ಲ. ಕಬ್ಬಿಣದ ಏಣಿಯ ಮೆಟ್ಟಿಲು ಎಣಿಸುತ್ತ ಹತ್ತಿದೆ. ಗೂಡು ನಮ್ಮೂರಿನ ಪಾನ್ ಡಬ್ಬಿಯ ಅಂಗಡಿಯಷ್ಟು. ಲಾಲಾನ ಬೆನ್ನಿಗೆ ಒತ್ತಿಕೊಂಡು ನಿಂತು ಕೆಳಗೆ ನೋಡಿದೆ. ಹನುಮಂತ ಕಂಡ. ಮುಖ ಇಲ್ಲ, ಕಾಲಿಲ್ಲ. ಒಂದು ಚುಕ್ಕೆ, ಚುಕ್ಕೆಗೆ ಎರಡು ಕೈ. ನಾನೂ ಇಷ್ಟೇ ಇದ್ದೆ ಅನ್ನಿಸಿತು.

“ಒಪ್ಪಲಾ? ನೀನೇ ಹೇಳು,” ಅಂದ ಲಾಲಾ.

ಹೂಂ ನಾಲಿಗೆ ತುದಿಗೆ ಬಂದಿತ್ತು. ಆದರೆ ಆ ಹೂಂ ಹನುಮಂತನಿಗಲ್ಲ, ಹಡಗಲಿ ಬಸ್ಸಿಗೆ ಎಂದು ನನಗೇ ಗೊತ್ತಿತ್ತು. ನಾಳೆ ಈ ಕ್ರೇನಿನ ಕೆಳಗೆ ಓಡಾಡುವವರಿಗೆ ನನ್ನ ಯುಗಾದಿ ಕಟ್ಟಿಕೊಂಡು ಏನಾಗಬೇಕು? ಹೂಂ ಅನ್ನದೆ ಕೆಳಗೆ ನೋಡಿದೆ.

ಕಬ್ಬಿಣದ ಕಟ್ಟನ್ನು ಎರಡು ಗೋಡೆಗಳ ನಡುವೆ ಇಳಿಸುವುದಿತ್ತು. ಹನುಮಂತನ ಬೆರಳು ಕೆಳಗೆ ಸುತ್ತಿತು, ಲಾಲಾ ಇಳಿಸಿದ. ಇನ್ನೇನು ಗೋಡೆಯ ಮರೆಗೆ ಹೋಗಬೇಕು, ಹನುಮಂತ ಟವೆಲ್ ಬಿಟ್ಟು ಅಂಗೈ ಎತ್ತಿದ. ನಿಲ್ಲಿಸು. ಲಾಲಾ ನಿಲ್ಲಿಸಿದ. ಮೇಲಿಂದ ಕಾರಣ ಕಾಣಲಿಲ್ಲ. ಸಾಹೇಬರು ಅವನ ಹತ್ತಿರ ಬಂದು ಇಳಿಸು, ಇಳಿಸು ಎಂದು ತಾವೇ ಕೈ ಬೀಸತೊಡಗಿದರು. ತಡವಾಗಿತ್ತೆಂದು ಕಾಣುತ್ತದೆ, ಬೈಯುತ್ತಿದ್ದರು. ಯಾವ ಭಾಷೆಯೋ ಅಷ್ಟು ಎತ್ತರಕ್ಕೆ ತಿಳಿಯಲಿಲ್ಲ. ಹನುಮಂತನ ಅಂಗೈ ಇಳಿಯಲಿಲ್ಲ. ಸಾಹೇಬರು ಅವನ ತೋಳು ಹಿಡಿದು ಎಳೆದರು. ಅವನು ಎಡಗೈಯನ್ನು ಬಲಗೈಗೆ ಆಸರೆಯಾಗಿ ಕೊಟ್ಟು ಇನ್ನೂ ಮೇಲಕ್ಕೆ ಹಿಡಿದ. ಟವೆಲ್ ಕೊರಳಿಂದ ಜಾರಿ ನೆಲಕ್ಕೆ ಬಿತ್ತು.

ಆಮೇಲೆ ಗೋಡೆಯ ಮರೆಯಿಂದ ಇಬ್ಬರು ಪೇಂಟರುಗಳು, ತೂಗುವ ಕಬ್ಬಿಣದ ಸರಿಯಾಗಿ ಕೆಳಗಿನಿಂದ, ಹಲಗೆ ಹೊತ್ತು ಮಾತಾಡುತ್ತ ಹೊರಬಂದರು. ತಲೆ ಎತ್ತಿಯೂ ನೋಡಲಿಲ್ಲ. ಅವರು ದೂರ ಹೋದ ಮೇಲೆ ಹನುಮಂತನ ಕೈ ಇಳಿಯಿತು, ಬೆರಳು ಕೆಳಗೆ ಸುತ್ತಿತು: ಇಳಿಸು.

‘ನಿಲ್ಲಿಸು’ ಕಷ್ಟ ಅಂದೆನಲ್ಲ, ಇದಕ್ಕೇ. ಎತ್ತು, ಇಳಿಸು ಅಂದರೆ ಎಲ್ಲರಿಗೂ ಖುಷಿ. ನಿಲ್ಲಿಸು ಅಂದವನನ್ನು ಎಲ್ಲರೂ ಬಯ್ಯುತ್ತಾರೆ, ಆದರೂ ಕೈ ಇಳಿಯಬಾರದು. ಇದನ್ನು ನಾನು ಅವನಿಗೆ ಕಲಿಸಿರಲಿಲ್ಲ, ಟವೆಲ್ಲೂ ಕಲಿಸಿರಲಿಲ್ಲ.

ಲಾಲಾ ಕಟ್ಟು ಇಳಿಸತೊಡಗಿದ. “ಅವನು ಮೊನ್ನೆಯೇ ಸರಿಯಾಗಿದ್ದ,” ಅಂದ. “ನನಗೇ ಹೆದರಿಕೆ. ನಿನ್ನ ಕೈ ಬಿಟ್ಟು ಬೇರೆ ಕೈ ನಂಬಿ ಗೊತ್ತಿಲ್ಲ.” ಕಟ್ಟು ನೆಲ ಮುಟ್ಟಿಸಿದ. “ಈಗ ನಂಬಿದೆ. ಹೋಗು.”

ಸಾಹೇಬರು ಆಮೇಲೆ ಏನೂ ಬಯ್ಯಲಿಲ್ಲ. ಬಿದ್ದ ಟವೆಲ್ ತಾವೇ ಎತ್ತಿ ಕೊಡವಿ ಹನುಮಂತನ ಹೆಗಲಿಗೆ ಹಾಕಿದರಂತೆ. ಪಾಸ್‌ಪೋರ್ಟ್ ಮರುದಿನ ಕೈಗೆ ಬಂತು.

ನಮ್ಮ ರೂಮಿನಲ್ಲಿ ಒಂದು ಪದ್ಧತಿಯಿತ್ತು. ಪೂರ್ತಿ ಬಿಟ್ಟು ಹೋಗುವವನು ತಾನು ಮಲಗಿದ ಜಾಗದ ಸಾಮಾನು ಒಯ್ಯಬಾರದು. ಹಾಸಿಗೆ, ಬಕೆಟ್, ಕನ್ನಡಿ, ಮೊಳೆಗೆ ಹಾಕಿದ ಹ್ಯಾಂಗರ್ ಎಲ್ಲ ಹಿಂದೆ ಉಳಿಯಬೇಕು. ಒಯ್ದವನು ವರ್ಷದೊಳಗೆ ಮರಳಿ ಬರುತ್ತಾನೆ ಎಂದು ನಂಬಿಕೆ. ನಾನು ಹಲ್ಲುಜ್ಜುವ ಬ್ರಷ್ ಕೂಡ ಒಯ್ಯಲಿಲ್ಲ. ಫ್ಯಾನಿನ ಕೆಳಗಿನ ಮಂಚ ಹೊರಡುವ ಮುನ್ನಾ ರಾತ್ರಿಯೇ ಹನುಮಂತನಿಗೆ ಹೋಯಿತು. “ಇಲ್ಲಿ ನಿದ್ದಿ ಬರಲ್ಲ ಅಣ್ಣಾ, ನಿನ್ನ ಗೊರಕಿ ಇನ್ನೂ ದಿಂಬಿನಾಗ ಐತಿ,” ಅಂದ.

ಹೊರಡುವ ಬೆಳಿಗ್ಗೆ ವ್ಯಾನು ಬರುವ ಮೊದಲು ಕ್ರೇನಿನ ಕೆಳಗೆ ನನ್ನ ಜಾಗದಲ್ಲಿ ನಿಂತೆ. ಲಾಲಾ ಆಗಲೇ ಮೇಲಿದ್ದ. ಎರಡೂ ಕೈ ಎದೆಯ ಮುಂದೆ ಒಂದರಲ್ಲೊಂದು ಹಿಡಿದು ನಿಂತೆ. ಕೆಲಸ ಮುಗಿಯಿತು.

ನಿಯಮದ ಪ್ರಕಾರ ಅವನು ಇಳಿದು ಬರಬೇಕು. ಬರಲಿಲ್ಲ. ಕೊಕ್ಕೆ ಬಂತು. ಬಕೆಟ್ಟಿನಲ್ಲಿ ಕೆಂಪು ಬಟ್ಟೆಯ ಕೆಟಲ್, ತುಂಬಾ ಬಿಸಿ ಚಹ. ನಾನು ಬರುವ ಮೊದಲೇ ಅದನ್ನು ಹಿಡಿದು ಅಷ್ಟೂ ಏಣಿ ಹತ್ತಿದ್ದ. ಏಳು ವರ್ಷದಲ್ಲಿ ಮೇಲಿಂದ ಕೆಳಗೆ ಬಂದ ಮೊದಲ ಚಹ. ಸಕ್ಕರೆ ವಿಪರೀತ. ಪೂರ್ತಿ ಕುಡಿದೆ. ಖಾಲಿ ಕೆಟಲ್ ನೆಟ್ಟಗೆ, ಸ್ವಲ್ಪವೂ ಅಲ್ಲಾಡದೆ ಮೇಲೆ ಹೋಯಿತು. ಅದಕ್ಕೆ ಕೈ ಮಾಡಿದವನು ಹನುಮಂತ.

ಯುಗಾದಿಗೆ ನಾಲ್ಕು ದಿನ ಇರುವಾಗ ಬೊಮ್ಮನಹಳ್ಳಿಯಲ್ಲಿ ಬಸ್ಸಿಳಿದೆ. ಗಿರಿಜಾ ಡ್ಯೂಟಿಯ ಬಿಳಿ ಸೀರೆಯಲ್ಲೇ ನಿಂತಿದ್ದಳು. “ಕೊನಿಗೂ ಕಾಣಿಸ್ತೇನ್ರಿ ನನ್ನ ಕೈ?” ಅಂದಳು. ಮೇಸ್ತ್ರಿಗೆ ಚರ್ಮದ ಕೈಗವಸು ತಂದಿದ್ದೆ, “ಇವನ್ನ ಹಾಕ್ಕೊಂಡು ರೊಟ್ಟಿ ಮುರೀಲೇನು?” ಎಂದರು, ಆದರೆ ಸಂಜೆಯವರೆಗೂ ಬಿಚ್ಚಲಿಲ್ಲ. ಚೈನು, ಕಂಬ ಈಗ ನನ್ನವು. ಮೊದಲು ಎತ್ತಿದ್ದು ಹೊಳೆದಂಡೆಯ ಮಾಗಳದಲ್ಲಿ ಒಬ್ಬರು ರೈತರ ಪಂಪು. ಪಂಪು ನೆಲಕ್ಕೆ ಬಂದ ಕೂಡಲೇ ಹಳೆಯ ರೂಢಿಗೆ ಎರಡೂ ಕೈ ಎದೆಯ ಮುಂದೆ ಹಿಡಿದೆ. ರೈತರು ಗಡಿಬಿಡಿಯಿಂದ ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದರು. “ಅಷ್ಟೆಲ್ಲಾ ಯಾಕ್ರಿ, ಬರ್ರಿ, ಮೊದಲು ಚಾ ಕುಡೀರಿ,” ಎಂದರು.

ಹನುಮಂತನ ಸುದ್ದಿ ಹೋದ ತಿಂಗಳು ಬಂತು. ಕಟ್ಟಡ ಮುಗಿದು ಕ್ರೇನು ಬಿಚ್ಚಿದರಂತೆ. ಅವನನ್ನು ಬೇರೆ ಊರಿಗೆ ಹಾಕಿದ್ದಾರೆ, ಚೆನ್ನಾಗಿದ್ದಾನೆ. ಲಾಲಾನನ್ನು ಎಲ್ಲಿಗೆ ಕಳಿಸಿದರೋ ಅವನಿಗೂ ಗೊತ್ತಿಲ್ಲ. ನನ್ನ ಹತ್ತಿರ ಇರುವುದು ಐದು ಥರ ಬರೆದ ಒಂದು ಹಳ್ಳಿಯ ಹೆಸರು.

ಆ ಕಡೆ ಕೆಲಸಕ್ಕಿರುವವರು, ಹೋಗಲಿರುವವರು ಇದನ್ನು ಓದಿದರೆ ಒಂದು ಉಪಕಾರ ಮಾಡಿ. ಎಲ್ಲಾದರೂ ಕ್ರೇನಿನ ಕೊಕ್ಕೆಗೆ ಕೆಂಪು ಬಟ್ಟೆ ಸುತ್ತಿದ ಕೆಟಲ್ ತೂಗಿ ಮೇಲೆ ಹೋಗುವುದು ಕಂಡರೆ, ಅದರ ಕೆಳಗೆ ನಿಂತು ಕೊಟ್ರೇಶ್ ಎಂದು ಕೂಗಿ. ಕೈ ಮಾತ್ರ ಕಂಕುಳಲ್ಲಿ ಇರಲಿ. ಕೆಟಲ್ ನೆಟ್ಟಗೆ ಇಳಿಯಿತೋ, ಜೋಲಿ ಹೊಡೆಯಿತೋ, ಅಷ್ಟನ್ನು ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಬರೆದು ತಿಳಿಸಿ. ಉಳಿದದ್ದು ನನಗೆ ತಿಳಿಯುತ್ತದೆ.